ಮಗು ಎದೆ ಬಿಡದ ಆ ಮೂರು ದಿನ, ಅಲ್ಲಿಂದ ಮೊದಲ ಚಮಚದವರೆಗೆ

ಮಗಳಿಗೆ ಆಗ ಆರು ವಾರ. ಹಾಲು ಕುಡಿಸಿದ ಹೊತ್ತನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಆ ದಿನದ ಪುಟ ಈಗಲೂ ನನ್ನ ಹತ್ತಿರ ಇದೆ. ಸಂಜೆ 5ಕ್ಕೆ, 5.40ಕ್ಕೆ, 6.15ಕ್ಕೆ, 7ಕ್ಕೆ, 7.20ಕ್ಕೆ, 8.10ಕ್ಕೆ. ಆಮೇಲೆ ಬರೆಯುವುದನ್ನೇ ಬಿಟ್ಟಿದ್ದೇನೆ. ಪುಟದ ಕೆಳಗೆ ಪೆನ್ಸಿಲ್ಲಿನಲ್ಲಿ ‘ಹಾಲು ಸಾಲ್ತಿಲ್ಲ’ ಅಂತ ಬರೆದು, ಅದರಡಿ ಎರಡು ಗೆರೆ ಎಳೆದಿದ್ದೇನೆ.

ಹಾಲು ಸಾಲುತ್ತಿತ್ತು. ಅದು ನನಗೆ ಅರ್ಥವಾಗುವಷ್ಟರಲ್ಲಿ ರಾತ್ರಿಗೊಂದು ಬಾಟಲಿ ಪುಡಿಹಾಲು ಶುರುವಾಗಿತ್ತು. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಮೂರು ತಿಂಗಳು ತುಂಬುವ ಹೊತ್ತಿಗೆ ಅವಳು ಎದೆ ಹಿಡಿಯುವುದನ್ನೇ ಬಿಟ್ಟಳು. ಪುಡಿಹಾಲು ಕುಡಿದು ಚೆನ್ನಾಗಿಯೇ ಬೆಳೆದಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದೆಹಾಲು ಕೊಡಬೇಕೆಂದು ನನಗೆ ತುಂಬಾ ಆಸೆ ಇತ್ತು. ಮಗ ಹುಟ್ಟಿದಾಗ ಅದೇ ಆರನೇ ವಾರ, ಅದೇ ಸಂಜೆ ಮತ್ತೆ ಬಂತು. ಈ ಸಲ ಏನು ಮಾಡಬೇಕೆಂದು ತಿಳಿದುಕೊಂಡಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಏನಾಗುತ್ತಿದೆ ಅಂತ ತಿಳಿಯೋಣ

ಮಕ್ಕಳು ದಿನಾ ಒಂದೇ ಸಮ ಬೆಳೆಯುವುದಿಲ್ಲ. ಮಿಶೆಲ್ ಲ್ಯಾಂಪಲ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಎಳೆ ಮಕ್ಕಳ ಉದ್ದವನ್ನು ಮತ್ತೆ ಮತ್ತೆ ಅಳೆದು, 1992ರಲ್ಲಿ ಅದನ್ನು ಪ್ರಕಟಿಸಿದರು. ಎಷ್ಟೋ ದಿನ ಉದ್ದ ಇದ್ದಷ್ಟೇ ಇರುತ್ತದೆ. ಆಮೇಲೆ ಒಂದೇ ಏಟಿಗೆ ಅರ್ಧ ಸೆಂಟಿಮೀಟರ್, ಕೆಲವೊಮ್ಮೆ ಅದಕ್ಕೂ ಜಾಸ್ತಿ ಏರಿಬಿಡುತ್ತದೆ. ಸೋಮವಾರ ಸರಿಯಾಗಿದ್ದ ಅಂಗಿ ಶನಿವಾರ ಹೊಕ್ಕುಳ ಮೇಲೆ ನಿಂತಿರುತ್ತದೆ, ನೀವೂ ನೋಡಿರುತ್ತೀರಿ ಅಲ್ವಾ?

ಹೀಗೆ ಹಸಿವು ಏರುವ ಹೊತ್ತು ಸಾಮಾನ್ಯವಾಗಿ ಎರಡು–ಮೂರು ವಾರಕ್ಕೆ, ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಬರುತ್ತದೆ. ಕ್ಯಾಲೆಂಡರ್ ನೋಡಿಕೊಂಡು ಕಾಯಬೇಡಿ, ಒಂದೊಂದು ಮಗುವಿನದು ಒಂದೊಂದು ಲೆಕ್ಕ. ಎರಡು–ಮೂರು ದಿನ ಇರುತ್ತದೆ, ಕೆಲವೊಮ್ಮೆ ವಾರದವರೆಗೂ ಎಳೆಯುತ್ತದೆ. ನಿನ್ನೆಯವರೆಗೆ ಎರಡು ಗಂಟೆಗೊಮ್ಮೆ ಕುಡಿಯುತ್ತಿದ್ದ ಮಗು ಇವತ್ತು ಮುಕ್ಕಾಲು ಗಂಟೆಗೊಮ್ಮೆ ಕೇಳುತ್ತದೆ. ಕುಡಿದು ಹತ್ತು ನಿಮಿಷಕ್ಕೆ ಮತ್ತೆ ಬಾಯಿ ತೆರೆಯುತ್ತದೆ. ಸಂಜೆಯಾದರೆ ರಚ್ಚೆ ಹಿಡಿಯುತ್ತದೆ.

ನನಗೆ ಮೊದಲ ಸಲ ಯಾರೂ ಹೇಳದೇ ಹೋದ ಮಾತು ಇದು. ಎದೆ ಎಷ್ಟು ಖಾಲಿಯಾಗುತ್ತದೋ ಅಷ್ಟು ಬೇಗ ಹೊಸ ಹಾಲು ತಯಾರಾಗುತ್ತದೆ. ತುಂಬಿಕೊಂಡು ನಿಂತರೆ ತಯಾರಿ ನಿಧಾನವಾಗುತ್ತದೆ. ಸೇದುವ ಬಾವಿಯಲ್ಲಿ ನೀರು ಊರಿದ ಹಾಗೆ. ಮಗು ಮತ್ತೆ ಮತ್ತೆ ಎದೆಗೆ ಬರುವುದು ಅಂದರೆ, ನಾಳೆಗೆ ಬೇಕಾದ ಹಾಲಿಗೆ ಇವತ್ತೇ ಹೇಳಿಟ್ಟ ಹಾಗೆ. ಆ ಹೊತ್ತಲ್ಲಿ ಬಾಟಲಿ ಕೊಟ್ಟರೆ ಮಗುವಿನ ಹೊಟ್ಟೆ ತುಂಬುತ್ತದೆ, ನಿದ್ದೆಯೂ ಬರುತ್ತದೆ, ಆದರೆ ಎದೆಗೆ ಸುದ್ದಿ ಮುಟ್ಟುವುದಿಲ್ಲ. ಮರುದಿನ ಹಾಲು ಅಷ್ಟಕ್ಕೇ ನಿಲ್ಲುತ್ತದೆ, ಮತ್ತೆ ಬಾಟಲಿ ಬೇಕಾಗುತ್ತದೆ. ನನ್ನ ಮನೆಯಲ್ಲಿ ಆಗಿದ್ದು ಇದೇ. ತೂಕ ಏರುತ್ತಿಲ್ಲ ಅಂತ ವೈದ್ಯರು ಮೇಲುಹಾಲು ಕೊಡಲು ಹೇಳಿದ್ದರೆ ಅದು ಬೇರೆ ವಿಷಯ. ಆಗ ಕೊಡಲೇಬೇಕು, ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬಾರದು.

ಆ ದಿನಗಳಲ್ಲಿ ಮಾಡಬೇಕಾದ್ದು

ಗಡಿಯಾರವನ್ನು ಪಕ್ಕಕ್ಕಿಡಿ. ಹುಟ್ಟಿದ ಮೊದಲ ವಾರಗಳಲ್ಲಿ ದಿನಕ್ಕೆ 8ರಿಂದ 12 ಸಲ ಕುಡಿಯುವುದು ಮಾಮೂಲು. ಈ ದಿನಗಳಲ್ಲಿ ಅದು 15 ದಾಟಿದರೂ ಗಾಬರಿ ಬೇಡ. ಅಳುವವರೆಗೆ ಕಾಯುವುದೂ ಬೇಡ. ಮಗು ಮುಷ್ಟಿಯನ್ನು ಬಾಯಿಗೆ ತರುತ್ತದೆ, ಕೆನ್ನೆಗೆ ಏನು ತಾಕಿದರೂ ಆ ಕಡೆ ಬಾಯಿ ತಿರುಗಿಸುತ್ತದೆ, ನಾಲಿಗೆ ಹೊರಗೆ ಹಾಕುತ್ತದೆ. ಹಸಿವಾಗಿದೆ ಅಂತ ಮಗು ಹೇಳುವುದು ಹೀಗೆ. ಅಳು ಕೊನೆಯದು. ಜೋರಾಗಿ ಅಳುವ ಮಗುವಿಗೆ ಎದೆಯನ್ನು ಸರಿಯಾಗಿ ಹಿಡಿಯುವುದೇ ಕಷ್ಟ, ಮೊದಲು ಭುಜಕ್ಕೆ ಹಾಕಿ ಸಮಾಧಾನ ಮಾಡಬೇಕಾಗುತ್ತದೆ.

ಎದೆಯಲ್ಲಿ ಮಗು ನಿಜವಾಗಿ ಕುಡಿಯುತ್ತಿದೆಯೋ, ಸುಮ್ನೆ ಚೀಪುತ್ತಿದೆಯೋ ಅಂತ ನೋಡಲು ಕಲಿಯಿರಿ. ಇದೊಂದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಶುರುವಿನಲ್ಲಿ ಮಗು ಚಿಕ್ಕ ಚಿಕ್ಕದಾಗಿ, ಬೇಗ ಬೇಗ ಚೀಪುತ್ತದೆ. ಹಾಲು ಇಳಿದ ಕೂಡಲೇ ಆ ಓಟ ನಿಧಾನವಾಗುತ್ತದೆ. ಗಲ್ಲ ಕೆಳಗಿಳಿಯುತ್ತದೆ, ಬಾಯಿ ಪೂರ್ತಿ ಅಗಲವಾದ ಜಾಗದಲ್ಲಿ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಮುಚ್ಚುತ್ತದೆ. ಬಾಯಿ ತುಂಬುವುದು ಆ ಒಂದು ಗಳಿಗೆಯಲ್ಲೇ. ಕಿವಿಗೊಟ್ಟರೆ ಉಸಿರು ಬಿಟ್ಟಷ್ಟು ಮೆಲ್ಲಗೆ ಗುಟುಕಿನ ಸದ್ದು ಕೇಳುತ್ತದೆ. ಮಗ ಮೊದಲ ತಿಂಗಳಲ್ಲಿ ಕುಡಿಯುವಾಗ ಅವನ ಕಿವಿಯ ಮುಂದಿನ ಚರ್ಮ ಅಲುಗುವುದನ್ನೇ ನಾನು ನೋಡುತ್ತಾ ಕೂರುತ್ತಿದ್ದೆ. ಅದು ಅಲುಗಿದರೆ ಸಾಕು, ನನಗೆ ನೆಮ್ಮದಿ.

ಗುಟುಕು ನಿಂತು ಬರೀ ಚೀಪಾಟ ಶುರುವಾದಾಗ ಎದೆಯನ್ನು ಒತ್ತಿ ಹಿಡಿಯಿರಿ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ. ತೊಟ್ಟಿನ ಹತ್ತಿರ ಬೇಡ, ಎದೆಯ ಬುಡದ ಹತ್ತಿರ. ನೋವಾಗದಷ್ಟು ಒತ್ತಿ, ಹಾಗೇ ಹಿಡಿದುಕೊಳ್ಳಿ. ಮಗು ಮತ್ತೆ ಗುಟುಕರಿಸಲು ಶುರು ಮಾಡುತ್ತದೆ. ಅದು ನಿಂತಾಗ ಕೈ ಸಡಿಲಿಸಿ, ಸ್ವಲ್ಪ ಜಾಗ ಬದಲಿಸಿ ಮತ್ತೆ ಒತ್ತಿ. ಒತ್ತಿದರೂ ಗುಟುಕು ಬರದಿದ್ದರೆ ಇನ್ನೊಂದು ಎದೆಗೆ ಹಾಕಿ. ಅಲ್ಲೂ ಮುಗಿಸಿ ಮತ್ತೆ ಕೇಳಿದರೆ ಮೊದಲಿನದಕ್ಕೇ ವಾಪಸ್. ಎದೆ ಪೂರ್ತಿ ಖಾಲಿ ಅಂತ ಆಗುವುದೇ ಇಲ್ಲ, ಕುಡಿಯುತ್ತಿರುವಾಗಲೂ ತಯಾರಾಗುತ್ತಲೇ ಇರುತ್ತದೆ.

ತೊಟ್ಟು ಉರಿಯುತ್ತಿದ್ದರೆ, ಕುಡಿದ ಮೇಲೆ ಅದು ಚಪ್ಪಟೆಯಾಗಿ ಹೊರಬರುತ್ತಿದ್ದರೆ, ಮಗು ಬರೀ ತೊಟ್ಟನ್ನು ಹಿಡಿಯುತ್ತಿದೆ ಎಂದರ್ಥ. ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಇದನ್ನು ಓದಿ ಕಲಿಯುವುದು ಕಷ್ಟ. ಹಾಲುಣಿಸುವುದನ್ನು ಬಲ್ಲ ನರ್ಸ್ ಅಥವಾ ಸಲಹೆಗಾರರ ಎದುರು ಒಂದು ಸಲ ಕುಡಿಸಿ ತೋರಿಸಿ.

ರಾತ್ರಿ ಕುಡಿಸುವುದನ್ನು ತಪ್ಪಿಸಬೇಡಿ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತು ಜಾಸ್ತಿ ಇರುತ್ತದೆ. ಆದರೆ ಮಗುವನ್ನು ಎತ್ತಿಕೊಂಡು ಸೋಫಾದಲ್ಲೋ ಕುರ್ಚಿಯಲ್ಲೋ ಜೊಂಪು ಹತ್ತುವಂತೆ ಕೂರಬೇಡಿ. ಅಲ್ಲಿ ನಿದ್ದೆಹೋದರೆ ಮಗುವಿಗೆ ಉಸಿರುಕಟ್ಟುವ ಅಪಾಯ ಇದೆ. ಕಣ್ಣು ಎಳೆಯುತ್ತಿದ್ದರೆ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಳ್ಳಿ.

ಮನೆಯವರಿಗೂ ಕೆಲಸ ಇದೆ. ಮೊದಲ ಸಲ ಅತ್ತೆ ಪ್ರೀತಿಯಿಂದಲೇ “ಒಂದು ಬಾಟ್ಲಿ ನಾನು ಕುಡಿಸ್ತೀನಿ, ನೀನು ಮಲ್ಕೋಮ್ಮ” ಅಂದಿದ್ದರು. ಎರಡನೇ ಸಲ ನಾನೇ ಮುಂಚೆ ಹೇಳಿಟ್ಟೆ, “ಅತ್ತೆ, ಕುಡಿಸೋದು ನನಗಿರಲಿ, ಮಿಕ್ಕಿದ್ದೆಲ್ಲ ನಿಮಗೆ.” ಅವರು ತೇಗು ಬರಿಸಿದರು, ಬಟ್ಟೆ ಬದಲಿಸಿದರು, ಒಂದು ಸಲ ಕುಡಿಸಿ ಇನ್ನೊಂದು ಸಲ ಕುಡಿಸುವ ನಡುವೆ ಭುಜಕ್ಕೆ ಹಾಕಿಕೊಂಡು ಓಡಾಡಿದರು. ನನ್ನ ಗಂಡ ಒಂದೇ ಕೈಯಲ್ಲಿ ತಿನ್ನಬಹುದಾದ್ದನ್ನು ತಟ್ಟೆಗೆ ಹಾಕಿ ತಂದಿಡುತ್ತಿದ್ದರು. ಹಾಲೂಡಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಜಾಸ್ತಿ ಬೇಕು, ಅಂದರೆ ಇನ್ನೊಂದು ಚಿಕ್ಕ ಊಟ. ನೀರು ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು. ಚೊಂಬುಗಟ್ಟಲೆ ಕುಡಿದರೆ ಹಾಲು ಹೆಚ್ಚುವುದಿಲ್ಲ.

ಪಂಪ್ ಹಾಕಿ ಎಷ್ಟು ಹಾಲಿದೆ ಅಂತ ಅಳೆಯಬೇಡಿ. ಮಗು ಎಳೆದಷ್ಟು ಪಂಪ್ ಎಳೆಯುವುದಿಲ್ಲ.

ಸಾಲುತ್ತಿದೆಯೋ ಇಲ್ಲವೋ ಹೇಗೆ ತಿಳಿಯುವುದು

ಎಷ್ಟು ಸಲ ಕುಡಿಯಿತು ಅಂತ ಎಣಿಸಬೇಡಿ, ಎಷ್ಟು ಬಟ್ಟೆ ಒದ್ದೆಯಾಯಿತು ಅಂತ ಎಣಿಸಿ. ಐದನೇ ದಿನದ ನಂತರ 24 ಗಂಟೆಯಲ್ಲಿ ಆರು ಅಥವಾ ಜಾಸ್ತಿ ಸಲ ಚೆನ್ನಾಗಿ ಒದ್ದೆಯಾಗಬೇಕು, ಮೂತ್ರದ ಬಣ್ಣ ತಿಳಿಯಾಗಿರಬೇಕು. ಮಗನ ಕಾಲಕ್ಕೆ ನನ್ನ ಪುಸ್ತಕದಲ್ಲಿ ಬರೀ ಇದನ್ನೇ ಬರೆದೆ. ಒದ್ದೆಯಾದಾಗೆಲ್ಲ ಒಂದು ಗೀಟು. ಆರನೇ ವಾರದ ಆ ಕೆಟ್ಟ ದಿನ ಎಂಟು ಗೀಟು ಬಿದ್ದಿತ್ತು. ರಾತ್ರಿ ಅದನ್ನು ನೋಡಿಯೇ ನಾನು ಬಾಟಲಿಯ ಯೋಚನೆ ಬಿಟ್ಟು ಮತ್ತೆ ಎದೆಗೆ ಹಾಕಿಕೊಂಡೆ. ನಾಲ್ಕನೇ ದಿನ ತಾನಾಗಿಯೇ ಎರಡೂವರೆ ಗಂಟೆ ಮಲಗಿದ.

ಮೊದಲ ತಿಂಗಳು ದಿನಕ್ಕೆ ಮೂರು–ನಾಲ್ಕು ಸಲ ಹಳದಿ ಕಕ್ಕ ಆಗುತ್ತದೆ. ಆರು ವಾರದ ನಂತರ ಬರೀ ಎದೆಹಾಲು ಕುಡಿಯುವ ಮಗು ಎಷ್ಟೋ ದಿನ ಬಿಟ್ಟು ಹೋಗಬಹುದು. ಮೆತ್ತಗಿದ್ದರೆ ಅದು ಮಲಬದ್ಧತೆ ಅಲ್ಲ.

ಇನ್ನು ತೂಕ. ಹುಟ್ಟಿದ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುತ್ತದೆ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರಬೇಕು. ಆಮೇಲೆ ಮೂರು ತಿಂಗಳವರೆಗೆ ವಾರಕ್ಕೆ ಸುಮಾರು 150ರಿಂದ 200 ಗ್ರಾಂ ಏರುತ್ತದೆ. ನಂತರ ನಿಧಾನವಾಗುತ್ತದೆ, ಆಗಲೇಬೇಕು. ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಿ. ದಿನಾ ತೂಗಬೇಡಿ, ಒಂದು ಸಲದ ಕಕ್ಕಕ್ಕೇ ಲೆಕ್ಕ ಏರುಪೇರಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆ ಪಟ್ಟಿ ಎದೆಹಾಲು ಕುಡಿದು ಬೆಳೆದ ಮಕ್ಕಳನ್ನು ನೋಡಿ ಮಾಡಿದ್ದು. ನಿಮ್ಮ ಮಗುವಿನ ಗೆರೆಯನ್ನು ಅದರಲ್ಲೇ ಹಾಕಲು ಕೇಳಿ.

ಕೆಲವು ಸಂದರ್ಭದಲ್ಲಿ ಮಾತ್ರ ಕಾಯುತ್ತಾ ಕೂರಬಾರದು. ಒದ್ದೆ ಬಟ್ಟೆ ಕಡಿಮೆಯಾಗಿದೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದೆ. ಮಗು ಸಪ್ಪಗಿದೆ, ಹಾಲಿಗೂ ಏಳುತ್ತಿಲ್ಲ. ಬಾಯಿ ಒಣಗಿದೆ, ನೆತ್ತಿ ಗುಳಿ ಬಿದ್ದಿದೆ. ತೂಕ ಏರುತ್ತಿಲ್ಲ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದಿದೆ. ಇವುಗಳಲ್ಲಿ ಒಂದು ಕಂಡರೂ ಅವತ್ತೇ ವೈದ್ಯರ ಹತ್ತಿರ ಹೋಗಿ. ಬೆಳೆಯುವ ಹಸಿವಿನಲ್ಲಿರುವ ಮಗು ರಚ್ಚೆ ಮಾಡುತ್ತದೆ, ಆದರೆ ಚುರುಕಾಗಿರುತ್ತದೆ.

ಮೂರು ತಿಂಗಳಿಂದ ಆರರವರೆಗೆ

ಈ ಹೊತ್ತಿಗೆ ಎದೆ ಮೊದಲಿನಂತೆ ಬಿಗಿಯುವುದಿಲ್ಲ, ಮೆತ್ತಗಾಗುತ್ತದೆ. ಮಗು ಐದು–ಹತ್ತು ನಿಮಿಷಕ್ಕೇ ಬಿಟ್ಟುಬಿಡುತ್ತದೆ. ಹಾಲು ಬತ್ತಿತು ಅಂತ ಎಷ್ಟು ತಾಯಂದಿರು ಇಲ್ಲೇ ಕೈಬಿಡುತ್ತಾರೋ! ನಿಜವಾಗಿ ಮಗುವಿಗೆ ಬೇಕಾದಷ್ಟನ್ನೇ ತಯಾರಿಸಲು ಎದೆ ಕಲಿತಿದೆ, ಮಗು ಬೇಗ ಎಳೆಯಲು ಕಲಿತಿದೆ. ಕುಡಿಯುವ ನಡುವೆ ಸದ್ದು ಬಂದ ಕಡೆಗೆಲ್ಲ ತಿರುಗುತ್ತಿದ್ದರೆ ಬೆಳಕು ಕಡಿಮೆ ಇರುವ ಕೋಣೆಗೆ ಹೋಗಿ ಕುಡಿಸಿ.

ನಾಲ್ಕನೇ ತಿಂಗಳಿಗೆ ರಾತ್ರಿ ಮತ್ತೆ ಮತ್ತೆ ಏಳುತ್ತದೆ, ಕೈ ಕಚ್ಚುತ್ತದೆ, ನಿಮ್ಮ ತಟ್ಟೆಯನ್ನೇ ದಿಟ್ಟಿಸುತ್ತದೆ. “ಹಾಲು ಸಾಕಾಗಲ್ಲ ಇನ್ನು, ಊಟ ಶುರು ಮಾಡು” ಅನ್ನುವವರು ಸಿಗುತ್ತಾರೆ. ಒಂದರಿಂದ ಆರು ತಿಂಗಳವರೆಗೆ ಮಗು ದಿನಕ್ಕೆ ಕುಡಿಯುವ ಎದೆಹಾಲು ಸರಾಸರಿ 750–800 ಮಿಲಿಲೀಟರ್ ಆಸುಪಾಸಿನಲ್ಲೇ ಇರುತ್ತದೆ. ಮಗು ದೊಡ್ಡದಾದರೂ ಬೆಳೆಯುವ ವೇಗ ಇಳಿಯುವುದರಿಂದ ಅಷ್ಟೇ ಹಾಲು ಸಾಕಾಗುತ್ತದೆ. ಕೈ ಕಚ್ಚುವುದು, ರಾತ್ರಿ ಏಳುವುದು ಊಟಕ್ಕೆ ಸಿದ್ಧ ಎನ್ನುವುದರ ಗುರುತಲ್ಲ. ಮೊದಲು ಮಾಡಿದ್ದನ್ನೇ ಮಾಡಿ, ಮೂರು ದಿನ ಜಾಸ್ತಿ ಸಲ ಎದೆಗೆ ಹಾಕಿ.

ಆರು ತಿಂಗಳವರೆಗೆ ನೀರೂ ಬೇಡ, ಸೆಕೆ ಇದ್ದರೂ ಬೇಡ. ಎದೆಹಾಲಿನಲ್ಲಿ ನೂರಕ್ಕೆ 87ರಷ್ಟು ನೀರೇ ಇದೆ. ವೈದ್ಯರು ಹೇಳಿದ ಔಷಧಿ, ವಿಟಮಿನ್ ಡ್ರಾಪ್ಸ್ ಕೊಡಬಹುದು. ವಿಟಮಿನ್ ಡಿ ಎದೆಹಾಲಿನಲ್ಲಿ ಕಡಿಮೆ, ಆದ್ದರಿಂದ ಅದರ ಬಗ್ಗೆ ನೀವಾಗಿಯೇ ಕೇಳಿ. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳಿಗೆ ಕಬ್ಬಿಣಾಂಶವೂ ಬೇಗ ಬೇಕಾಗುತ್ತದೆ.

ಊಟಕ್ಕೆ ಸಿದ್ಧವಾದ ಮಗು ಮೂರು ಗುರುತನ್ನೂ ಒಟ್ಟಿಗೆ ತೋರಿಸುತ್ತದೆ. ಆಸರೆ ಕೊಟ್ಟರೆ ಕೂತು ಕುತ್ತಿಗೆ ನೇರ ನಿಲ್ಲಿಸುತ್ತದೆ. ವಸ್ತುವನ್ನು ನೋಡಿ, ಹಿಡಿದು, ತಾನೇ ಬಾಯಿಗೆ ತರುತ್ತದೆ. ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ತಳ್ಳದೆ ನುಂಗುತ್ತದೆ. ಇದು ಆರು ತಿಂಗಳ ಹೊತ್ತಿಗೆ ಕೂಡಿಬರುತ್ತದೆ. ಅದಕ್ಕಿಂತ ತುಂಬಾ ತಡ ಮಾಡುವುದೂ ಸರಿಯಲ್ಲ, ಹುಟ್ಟುವಾಗ ತಂದ ಕಬ್ಬಿಣಾಂಶ ಆ ಹೊತ್ತಿಗೆ ತಳ ಕಂಡಿರುತ್ತದೆ. ಶುರುವಿಗೆ ಕಬ್ಬಿಣಾಂಶ ಇರುವ ಮೆತ್ತಗಿನ ಆಹಾರ ಎರಡು–ಮೂರು ಚಮಚ, ದಿನಕ್ಕೆ ಎರಡು ಸಲ. ಒಂದು ವರ್ಷದವರೆಗೆ ಜೇನುತುಪ್ಪ ಮುಟ್ಟಿಸಬೇಡಿ. ಅದರಿಂದ ಬಾಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು.

ಮಗನಿಗೆ ಆರು ತಿಂಗಳು ತುಂಬಿದ ವಾರವೇ ಮತ್ತೆ ಆ ಹಸಿವು ಬಂತು. ಮೊದಲು ಎದೆಗೆ ಹಾಕಿಕೊಂಡೆ, ಅರ್ಧ ಗಂಟೆ ಬಿಟ್ಟು ಮಡಿಲಲ್ಲಿ ಕೂರಿಸಿಕೊಂಡು ಚಮಚ ಹಿಡಿದೆ. ತೀರಾ ಹಸಿದಿದ್ದರೆ ಚಮಚ ನೋಡಿಯೇ ಸಿಟ್ಟಾಗುತ್ತಿದ್ದ. ಮೊದಲ ಚಮಚವನ್ನು ನಾಲಿಗೆಯ ಮೇಲೆ ಹೊರಳಾಡಿಸಿ ನುಂಗಿದ. ಎರಡನೆಯದಕ್ಕೆ ತಾನೇ ಮುಂದೆ ಬಾಗಿದ. ಮೂರನೆಯದಕ್ಕೆ ತುಟಿ ಬಿಗಿಹಿಡಿದು ಮುಖ ತಿರುಗಿಸಿದ. ಬಟ್ಟಲು ಎತ್ತಿಟ್ಟೆ, ಗಲ್ಲ ಒರೆಸಿದೆ, ಅವನು ಆಗಲೇ ನನ್ನ ಅಂಗಿಯ ಗುಂಡಿ ಎಳೆಯುತ್ತಿದ್ದ.