ಚಿರೋಟಿ ರವೆಯಿಂದ ಕೈಯಲ್ಲೇ ಪಾಸ್ತಾ, ಜೊತೆಗೆ ಬದನೆಕಾಯಿ ಟೊಮೇಟೊ ಸಾಸ್

ಪಾಸ್ತಾ ಮನೇಲಿ ಮಾಡೋದು ಅಂದ ತಕ್ಷಣ ಮೊಟ್ಟೆ ಬೇಕು, ಮೆಷಿನ್ ಬೇಕು, ಡಬ್ಬಿಗಟ್ಲೆ ಕ್ರೀಮ್ ಬೇಕು ಅಂತ ಎಷ್ಟೋ ಜನ ಹಿಂದೆ ಸರೀತಾರೆ, ಆದ್ರೆ ಇಟಲಿಯ ದಕ್ಷಿಣದ ಕಡೆ ಮನೆಗಳಲ್ಲಿ ಮಾಡೋ ಪಾಸ್ತಾಗೆ ಹೆಚ್ಚಾಗಿ ಮೊಟ್ಟೆ ಇರಲ್ಲ, ಗೋಧಿ ರವೆ ಮತ್ತೆ ನೀರು ಅಷ್ಟೇ. ಬಾರಿ ಅನ್ನೋ ಊರಿನ ಹಳೇ ಪೇಟೇಲಿ ಹೆಂಗಸರು ಈಗ್ಲೂ ಬಾಗಿಲ ಮುಂದೆ ಮೇಜು ಹಾಕ್ಕೊಂಡು ಕೂತು ಕೈಯಲ್ಲೇ ಪಾಸ್ತಾ ಒತ್ತುತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಶಾವಿಗೆ, ಗೌಲಿ ಹೊಸೆದು ಅಭ್ಯಾಸ ಇರೋರಿಗೆ ಇದು ಕಷ್ಟನೇ ಅಲ್ಲ. ಪೂರ್ತಿ ವೆಜ್ ಮನೆಗೂ ಸರಿಹೋಗುತ್ತೆ.

ಇಲ್ಲಿ ಹೇಳ್ತಿರೋ ಸಾಸ್ ಇಟಲಿಯ ಸಿಸಿಲಿ ದ್ವೀಪದ ಕತಾನಿಯಾ ಊರಿನ ರೀತಿದು, ಹುರಿದ ಬದನೆಕಾಯಿ, ಟೊಮೇಟೊ, ಬೇಸಿಲ್ ಎಲೆ, ಮೇಲೆ ಉಪ್ಪುಪ್ಪಾದ ಚೀಸ್. ಅಲ್ಲಿ ಇದಕ್ಕೆ ಪಾಸ್ತಾ ಅಲ್ಲಾ ನೋರ್ಮಾ ಅಂತಾರೆ. ನಾಲ್ಕು ಜನಕ್ಕೆ ಹೊಟ್ಟೆ ತುಂಬ ಆಗ್ಬೇಕು ಅಂದ್ರೆ ಚಿರೋಟಿ ರವೆ 400 ಗ್ರಾಂ, ಬಿಸಿನೀರು ಸುಮಾರು 200 ಎಂಎಲ್, ಸುಟ್ಟು ಗೊಜ್ಜು ಮಾಡೋ ಆ ದೊಡ್ಡ ಬದನೆಕಾಯಿ ಎರಡು, ನಾಟಿ ಟೊಮೇಟೊ 1 ಕೆಜಿ, ಬೆಳ್ಳುಳ್ಳಿ ಆರೇಳು ಎಸಳು, ಒಂದು ಬ್ಯಾಡಗಿ ಮೆಣಸಿನಕಾಯಿ, ಎಣ್ಣೆ, ಒಂದು ಹಿಡಿ ಬೇಸಿಲ್, 100 ಗ್ರಾಂ ಪನೀರ್ ಇಟ್ಕೊಳ್ಳಿ. ಪನೀರಿಗೆ ಹಿಂದಿನ ರಾತ್ರಿನೇ ಉಪ್ಪು ಸವರಿಡ್ಬೇಕು, ಆ ವಿಧಾನ ಕೊನೇಲಿದೆ.

ಮೊದಲು ಬದನೆಕಾಯಿ ಕೆಲಸ ಶುರು ಮಾಡಿ, ಅದಕ್ಕೆ ಟೈಮ್ ಬೇಕು. ಸಿಪ್ಪೆ ತೆಗೀಬೇಡಿ, ಒಂದಿಂಚಿನ ಹೋಳು ಮಾಡಿ ಉಪ್ಪು ಸವರಿ ಜರಡೀಲಿ ಅರ್ಧ ಗಂಟೆ ಬಿಡಿ. ಈಗಿನ ಬದನೆಕಾಯಿ ಅಷ್ಟೇನು ಕಹಿ ಇರಲ್ಲ, ಉಪ್ಪು ಹಾಕೋದು ನೀರು ಬಿಡಿಸೋಕೆ. ನೀರು ಬಿಟ್ಟು ಮೆತ್ತಗಾದ ಹೋಳು ಹುರಿಯುವಾಗ ಎಣ್ಣೆ ಕಮ್ಮಿ ಕುಡಿಯುತ್ತೆ.

ಇನ್ನು ಹಿಟ್ಟು. ಉಪ್ಪಿಟ್ಟಿನ ದಪ್ಪ ರವೆ ಬೇಡ, ಕಣಕ ಕಲಸೋಕೆ ತರ್ತೀವಲ್ಲ ಆ ಚಿರೋಟಿ ರವೆನೇ ಆಗ್ಬೇಕು. ಇಟಲಿಯವ್ರು ಬಳಸೋದು ಡ್ಯೂರಮ್ ಅನ್ನೋ ಗಟ್ಟಿ ಗೋಧಿ ರವೆ, ನಮ್ಮಲ್ಲಿ ಬನ್ಸಿ ರವೆ ಅಂತ ಸಿಗೋದೂ ಆ ಜಾತಿ ಗೋಧಿದೇ, ಆದ್ರೆ ಅದು ದಪ್ಪ ಇರುತ್ತೆ, ಮಿಕ್ಸೀಲಿ ನುಣ್ಣಗೆ ಮಾಡ್ಕೊಂಡು ಅರ್ಧಕ್ಕರ್ಧ ಸೇರಿಸಿದ್ರೆ ಕಚ್ಚೋಕೆ ಇನ್ನೂ ಚೆನ್ನಾಗಿರುತ್ತೆ. ರವೆಗೆ ಚಿಟಿಕೆ ಉಪ್ಪು ಹಾಕಿ ಬಿಸಿನೀರು ಸ್ವಲ್ಪ ಸ್ವಲ್ಪನೇ ಹಾಕ್ತಾ ಕಲಸಿ. ಮೊದಲು ಪುಡಿಪುಡಿಯಾಗಿ ಒಡೆದೊಡೆದು ಹೋಗುತ್ತೆ, ಆಗ ಎಲ್ಲರಿಗೂ ಇನ್ನೊಂಚೂರು ನೀರು ಹಾಕೋಣ ಅನ್ಸುತ್ತೆ, ದಯವಿಟ್ಟು ಹಾಕ್ಬೇಡಿ, ರವೆ ನೀರು ಕುಡಿಯೋಕೆ ಟೈಮ್ ತಗೊಳ್ಳುತ್ತೆ. ಅಂಗೈ ಬುಡದಿಂದ ಒತ್ತಿ ಒತ್ತಿ ಹತ್ತು ನಿಮಿಷ ನಾದಿದ್ರೆ ಮೇಲ್ಮೈ ನಯ ಆಗಿ ಪೂರಿ ಹಿಟ್ಟಿಗಿಂತ ಗಟ್ಟಿಯಾಗಿ ನಿಲ್ಲುತ್ತೆ, ಬೆರಳಲ್ಲಿ ಒತ್ತಿದ್ರೆ ಗುಳಿ ನಿಧಾನಕ್ಕೆ ಮೇಲೆ ಬರುತ್ತೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಇಡಿ.

ಆ ಅರ್ಧ ಗಂಟೇಲಿ ಸಾಸ್. ಟೊಮೇಟೊ ಬುಡಕ್ಕೆ ಕತ್ತರಿ ಗುರುತು ಹಾಕಿ ಕುದಿಯೋ ನೀರಲ್ಲಿ ಒಂದು ನಿಮಿಷ ಬಿಟ್ಟು ತೆಗೆದ್ರೆ ಸಿಪ್ಪೆ ತಾನೇ ಬಿಟ್ಕೊಳ್ಳುತ್ತೆ, ಆಮೇಲೆ ಕೈಯಲ್ಲೇ ಕಿವುಚಿ. ಫಾರಂ ಟೊಮೇಟೊ ಗಟ್ಟಿ ಇರುತ್ತೆ, ಹುಳಿನೂ ಇಲ್ಲ ರಸಾನೂ ಇಲ್ಲ, ಈ ಅಡುಗೆಗೆ ನಾಟಿನೇ ಬೇಕು. ಬಾಣಲೇಲಿ ಮೂರು ಚಮಚ ಎಣ್ಣೆ, ಎಣ್ಣೆ ತಣ್ಣಗಿದ್ದಾಗ್ಲೇ ತೆಳ್ಳಗೆ ಹೆಚ್ಚಿದ ಬೆಳ್ಳುಳ್ಳಿ, ಮುರಿದ ಬ್ಯಾಡಗಿ ಹಾಕಿ ಸಣ್ಣ ಉರೀಲಿ ಇಡಿ. ಬೆಳ್ಳುಳ್ಳಿ ಅಂಚು ಹೊಂಬಣ್ಣ ಬಂದ ಕೂಡ್ಲೇ ಟೊಮೇಟೊ ಸುರೀರಿ, ಕಂದು ಆಗೋಕೆ ಬಿಟ್ರೆ ಇಡೀ ಸಾಸ್ ಕಹಿ. ಉಪ್ಪು ಹಾಕಿ 20-25 ನಿಮಿಷ, ಎಣ್ಣೆ ಅಂಚಲ್ಲಿ ಬಿಡೋವರೆಗೂ ಕುದಿಸಿ, ತೀರಾ ಹುಳಿ ಅನ್ಸಿದ್ರೆ ಕಡ್ಲೆ ಗಾತ್ರದ ಬೆಲ್ಲ. ಗರಂ ಮಸಾಲೆ, ಕೆಚಪ್, ಪ್ಯಾಕೆಟ್ ಮಸಾಲೆ ಇದ್ಯಾವ್ದೂ ಬೇಡ, ತಾಜಾ ತರಕಾರಿ ತಂದು ಅದರ ರುಚಿನೇ ಮುಚ್ಚಿಹಾಕೋದ್ಯಾಕೆ. ಪಕ್ಕದ ಒಲೇಲಿ ಬದನೆಕಾಯಿ ಹಿಂಡಿ, ಬಟ್ಟೇಲಿ ಒತ್ತಿ ಒರೆಸಿ, ಧಾರಾಳ ಎಣ್ಣೇಲಿ ಗಾಢ ಕಂದು ಬಣ್ಣಕ್ಕೆ ಹುರಿದು ತೆಗೆದಿಡಿ. ಒಂದೇ ಸಲ ಎಲ್ಲಾ ತುಂಬಿದ್ರೆ ಬೇಯುತ್ತೆ, ಹುರಿಯಲ್ಲ.

ಈಗ ಆಕಾರ. ಕವಟೆಲ್ಲಿ ಅನ್ನೋ ಸುಲಭದ್ದು ಮಾಡಿ. ಹಿಟ್ಟನ್ನ ಕಿರುಬೆರಳು ದಪ್ಪಕ್ಕೆ ಹೊಸೆದು ಅರ್ಧ ಇಂಚಿಗೊಂದು ಕತ್ತರಿಸಿ. ಒಂದೊಂದು ತುಂಡಿನ ಮೇಲೂ ಹೆಬ್ಬೆರಳಿಟ್ಟು ಒತ್ತುತ್ತಾ ಮುಂದಕ್ಕೆ ತಳ್ಳಿ, ತಳ್ಳಿದ ಹಾಗೆ ಹಿಟ್ಟು ತಾನೇ ಸುರುಳಿ ಸುತ್ಕೊಂಡು ಕಪ್ಪೆಚಿಪ್ಪಿನ ಹಾಗೆ ಆಗುತ್ತೆ, ಒಳಗಡೆ ಒಂದು ಗುಳಿ. ಆ ಗುಳೀಲೇ ಸಾಸ್ ಕೂರೋದು. ಮರದ ಮಣೆ ಮೇಲೆ ಮಾಡಿ, ನಯವಾದ ಗ್ರಾನೈಟ್ ಮೇಲೆ ಹಿಟ್ಟು ಜಾರುತ್ತೆ, ಸುರುಳಿ ಸುತ್ತಲ್ಲ. ಫೋರ್ಕ್ ಹಿಂಭಾಗದ ಮೇಲೆ ತಳ್ಳಿದ್ರೆ ಗೀರು ಬೀಳುತ್ತೆ, ಅದೂ ಚಂದನೇ. ಮಕ್ಕಳನ್ನ ಕೂರಿಸ್ಕೊಳ್ಳಿ, ನಾಲ್ಕು ಕೈ ಸೇರಿದ್ರೆ ಬೇಗ ಮುಗಿಯುತ್ತೆ. ಆಗಿದ್ದನ್ನ ರವೆ ಉದುರಿಸಿದ ತಟ್ಟೇಲಿ ಬಿಡಿಬಿಡಿಯಾಗಿ ಹರಡಿ.

ದೊಡ್ಡ ಪಾತ್ರೇಲಿ 4 ಲೀಟರ್ ನೀರು ಕುದಿಸಿ, ಲೀಟರಿಗೆ 10 ಗ್ರಾಂ ಲೆಕ್ಕದಲ್ಲಿ ಉಪ್ಪು. ಎಣ್ಣೆ ಹಾಕ್ಬೇಡಿ, ಅದು ಮೇಲೆ ತೇಲುತ್ತೆ ಅಷ್ಟೇ, ಅಂಟೋದು ತಪ್ಪಿಸೋದು ಜಾಸ್ತಿ ನೀರು ಮತ್ತೆ ಮೊದಲ ನಿಮಿಷ ಕೈಯಾಡಿಸೋದು. ಪಾಸ್ತಾ ಮೇಲೆ ತೇಲಿದ ಮೇಲೂ ಎರಡು ಮೂರು ನಿಮಿಷ ಬಿಟ್ಟು ಒಂದನ್ನ ಕಚ್ಚಿ ನೋಡಿ, ನಡುವೆ ಸ್ವಲ್ಪ ಗಟ್ಟಿ ಇದ್ದಾಗ್ಲೇ ಜಾಲರಿ ಸೌಟಲ್ಲಿ ಎತ್ತಿ ನೇರ ಸಾಸಿಗೆ ಹಾಕಿ. ತಣ್ಣೀರಲ್ಲಿ ತೊಳೀಲೇಬಾರದು. ಜೊತೆಗೆ ಬೇಯಿಸಿದ ನೀರು ಒಂದು ಸೌಟು ಹಾಕಿ ಜೋರು ಉರೀಲಿ ಒಂದೆರಡು ನಿಮಿಷ ಕುಲುಕಿ. ಆ ನೀರಲ್ಲಿರೋ ಗಂಜಿ ಎಣ್ಣೆ ಮತ್ತೆ ಟೊಮೇಟೊ ರಸ ಬೇರೆಬೇರೆ ಆಗದ ಹಾಗೆ ಹಿಡ್ಕೊಳ್ಳುತ್ತೆ, ಕ್ರೀಮ್ ಇಲ್ದೇನೇ ಸಾಸ್ ಮಂದವಾಗಿ ಪ್ರತಿ ತುಂಡಿಗೂ ಮೆತ್ಕೊಳ್ಳುತ್ತೆ. ಉರಿ ಆರಿಸಿ ಮುಕ್ಕಾಲು ಬದನೆಕಾಯಿ, ಬೇಸಿಲ್ ಹರಿದು ಹಾಕಿ. ಬೇಸಿಲ್ ಸಿಗದಿದ್ರೆ ಮನೆ ಹಿತ್ತಲ ಕಾಮಕಸ್ತೂರಿ ಎಲೆ ಆಗುತ್ತೆ, ಅದೂ ಅದೇ ಜಾತಿ ಗಿಡ. ಪೂಜೆ ತುಳಸಿ ಬೇಡ, ಅದರ ಲವಂಗದ ಘಾಟು ಇದಕ್ಕೆ ಹೊಂದಲ್ಲ.

ಚೀಸ್ ವಿಷಯ, ಅಸಲಿ ಪಾರ್ಮೆಸಾನ್‌ಗೆ ಹಾಲು ಗಟ್ಟಿ ಮಾಡೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸ್ತಾರೆ, ಶುದ್ಧ ಸಸ್ಯಾಹಾರಿಗಳು ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ ನೋಡಿನೇ ತಗೊಳ್ಳಿ. ಈ ಅಡುಗೆಗೆ ಅದು ಬೇಕಾಗೂ ಇಲ್ಲ, ಗಟ್ಟಿ ಪನೀರಿಗೆ ಉಪ್ಪು ಸವರಿ ಬಟ್ಟೇಲಿ ಸುತ್ತಿ ಭಾರ ಹೇರಿ ಒಂದು ರಾತ್ರಿ ಫ್ರಿಜ್ಜಲ್ಲಿಟ್ಟು ತುರಿದು ಹಾಕಿದ್ರೆ ಸಿಸಿಲಿಯವ್ರು ಇದಕ್ಕೆ ತುರಿದು ಹಾಕೋ ರಿಕೊಟ್ಟಾ ಸಲಾಟಾ ಅನ್ನೋ ಉಪ್ಪು ಚೀಸಿಗೆ ಹತ್ತಿರ ಬರುತ್ತೆ. ತುರಿ ಮತ್ತೆ ಉಳಿದ ಬದನೆಕಾಯಿ ಮೇಲೆ ಹಾಕಿ ಬಿಸಿಬಿಸಿ ಬಡಿಸಿ.

ಬದನೆಕಾಯಿ ಇಷ್ಟ ಇಲ್ಲದ ಮನೆ ಆದ್ರೆ ಬಾರಿ ಊರಿರೋ ಪುಲಿಯಾ ಪ್ರಾಂತ್ಯದವರ ರೀತಿ ಮಾಡಿ, ಅವ್ರು ಒಂಥರಾ ಕಹಿ ಸೊಪ್ಪನ್ನ ಪಾಸ್ತಾ ಜೊತೆ ಅದೇ ನೀರಲ್ಲೇ ಬೇಯಿಸ್ತಾರೆ, ಅದು ಸಾಸಿವೆ ಕುಟುಂಬದ್ದು, ನಮ್ಮ ಮೂಲಂಗಿ ಸೊಪ್ಪೂ ಅದೇ ಕುಟುಂಬ, ಅದನ್ನೇ ಹಾಕಿ. ಬೆಂದ ಸೊಪ್ಪು ಪಾಸ್ತಾ ಎರಡನ್ನೂ ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿದ್ರೆ ಮುಗೀತು. ಚಳಿಗಾಲದಲ್ಲಿ ಒಂದು ಬಟ್ಟಲು ಹಿತಕಿದ ಅವರೆಬೇಳೆ ಬೇಯಿಸಿ ಸೇರಿಸಿದ್ರೆ ರಾತ್ರಿ ಊಟಕ್ಕೆ ಬೇರೇನೂ ಬೇಡ.

ಹಸಿ ಪಾಸ್ತಾ ಮಿಕ್ಕಿದ್ರೆ ತಟ್ಟೆ ಸಮೇತ ಫ್ರೀಜರಲ್ಲಿಟ್ಟು ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ, ಬೇಕಾದಾಗ ಕರಗಿಸದೆ ನೇರ ಕುದಿಯೋ ನೀರಿಗೇ ಹಾಕಿ, ಒಂದೆರಡು ನಿಮಿಷ ಜಾಸ್ತಿ ಬೇಯಿಸಿ.