ರಬ್ಬರ್ ಹಾಲು ಕುಡಿದ ತೋಳು

ನಮ್ಮ ಅಂಗರಚನಾ ವಿಭಾಗದ ತೊಟ್ಟಿಯಲ್ಲಿ ಈಗ ಒಂದು ತೋಳಿದೆ. ಕಂಕುಳಿನಿಂದ ಮೊಣಕೈ ಮಡಿಕೆಯವರೆಗೆ ತೋಳಿನ ಮುಖ್ಯ ರಕ್ತನಾಳವಾದ ಬ್ರೇಕಿಯಲ್ ಧಮನಿ, ವಿದ್ಯಾರ್ಥಿಗಳಿಗೆ ಎದ್ದು ಕಾಣಲೆಂದು ನಾನು ತುಂಬಿದ ಬಣ್ಣದ ರಬ್ಬರ್ ಹಾಲಿನಿಂದ, ಕವಲುಗಳ ಸಮೇತ ಕೆಂಪಗೆ ತುಂಬಿಕೊಂಡು ನಿಂತಿದೆ. ಹದಿನಾಲ್ಕು ತಿಂಗಳಾಯಿತು; ಬಣ್ಣ ಬಿಟ್ಟಿಲ್ಲ, ನಾಳ ಕುಸಿದಿಲ್ಲ. "ಕೊಳೆಯದಿರಲೆಂದು ಫಾರ್ಮಲಿನ್ ಏರಿಸಿದ ದೇಹಕ್ಕೆ ರಬ್ಬರ್ ಹಾಲು ಒಗ್ಗುವುದಿಲ್ಲ, ದುಡ್ಡು ಹಾಳು ಮಾಡಬೇಡಿ" ಎಂದಿದ್ದ ಮುಖ್ಯಸ್ಥರೇ ಇಂದು ಬಂದವರಿಗೆಲ್ಲ ಅದರ ಮುಚ್ಚಳ ತೆಗೆದು ತೋರಿಸುತ್ತಾರೆ.

ಅವರ ಮಾತು ತೀರಾ ಸುಳ್ಳೇನಾಗಿರಲಿಲ್ಲ. ಪುತ್ತೂರು ಕಡೆಯಿಂದ ಅಮೋನಿಯ ಬೆರೆಸಿದ ರಬ್ಬರ್ ಹಾಲನ್ನು ಐದು ಲೀಟರಿನ ಕ್ಯಾನಿನಲ್ಲಿ ತಂದೆ. ಬಸ್ ಖರ್ಚೂ ಸೇರಿ ಸುಮಾರು 1,300 ರೂಪಾಯಿ. ಮೊದಲ ತೋಳಿನಲ್ಲಿ ಹಾಲು ಎರಡು ಇಂಚು ಸಾಗುವಷ್ಟರಲ್ಲಿ ಮೊಸರಾಯಿತು. ಸಿಟ್ಟಿನಲ್ಲಿ ಸಿರಿಂಜನ್ನು ಜೋರಾಗಿ ಒತ್ತಿದೆ; ಧಮನಿ ಬಿರಿದು ತೋಳಿನ ಮುಂಬದಿಯ ಬೈಸೆಪ್ಸ್ ಸ್ನಾಯುವಿನ ಅಡಿಯಲ್ಲೆಲ್ಲ ಹಾಲು ಹರಡಿತು. ಮಸ್ಕ್ಯುಲೊಕ್ಯುಟೇನಿಯಸ್ ನರ, ಬ್ರೇಕಿಯಾಲಿಸ್ ಸ್ನಾಯು ಎಲ್ಲವೂ ಒಂದೇ ಮುದ್ದೆ. ಬಿಡಿಸಲು ಹೋಗಿ ನರವನ್ನೇ ಕಿತ್ತೆ. ದೇಹದಾನ ಮಾಡಿದವರ ತೋಳದು. ಆ ರಾತ್ರಿ ಊಟ ಸೇರಲಿಲ್ಲ.

ಹಾಲನ್ನು ಹಾಲಾಗಿ ಇರಿಸುವುದು ಅಮೋನಿಯ. ನಾಳದೊಳಗೆ ಉಳಿದ ಫಾರ್ಮಲಿನ್ ಅದನ್ನೇ ತಿಂದುಹಾಕುತ್ತದೆ. ಹಾಗಾಗಿ ಎರಡನೆಯ ತೋಳಿಗೆ ಮೂರು ದಿನ ನೀರು ಹಾಯಿಸಿದೆ. ಹೆಪ್ಪುಗಟ್ಟಿದ ರಕ್ತವನ್ನು ಮಕ್ಕಳಿಗೆ ಹಾಲುಣಿಸುವ ತೆಳು ಟ್ಯೂಬಿನಿಂದ ಎಳೆದು ತೆಗೆದೆ. ಕೊನೆಯ ತೊಳೆಯುವಿಕೆಯ ನೀರಿಗೆ ಏನನ್ನು ಎಷ್ಟು ಸೇರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ವಿಭಾಗಕ್ಕೆ ಬಂದರೆ ಕೈಯಾರೆ ತೋರಿಸುತ್ತೇನೆ.

ಎರಡನೆಯದು ಬೆರಳಿನವರೆಗೂ ತುಂಬಿತು, ಸುಮಾರು 60 ಮಿಲಿ ಹಿಡಿಯಿತು. ಆದರೆ ನನಗೆ ತಾಳ್ಮೆ ಎಲ್ಲಿ? ಮರುದಿನವೇ ಕತ್ತರಿ ಹಿಡಿದೆ. ಒಂದು ಸಣ್ಣ ಕವಲು ತುಂಡಾಗಿದ್ದೇ ತಡ, ಒಳಗಿದ್ದುದೆಲ್ಲ ಟ್ರೇಗೆ ಸುರಿಯಿತು. ಅಲ್ಲಿಂದೀಚೆಗೆ ತುಂಬಿದ ತೋಳನ್ನು ಒಂದು ವಾರ ಫಾರ್ಮಲಿನ್ ತೊಟ್ಟಿಯಲ್ಲಿ ಮಲಗಿಸುತ್ತೇನೆ. ಶತ್ರುವಾಗಿದ್ದ ಫಾರ್ಮಲಿನ್ ಈಗ ನೆಂಟ. ಹೊರಗಿನಿಂದ ನಿಧಾನಕ್ಕೆ ಇಳಿದು ಹಾಲನ್ನು ಗಟ್ಟಿ ಮಾಡುತ್ತದೆ.

ನಡುವೆ ಬಣ್ಣದ ಹುಚ್ಚು ಹಿಡಿಯಿತು. ಅಟೆಂಡರ್ ಮನೆಯಿಂದ ಅರಿಶಿನ, ಸುಣ್ಣದಲ್ಲಿ ಮಾಡಿದ ಅಸಲಿ ಕುಂಕುಮ ತಂದುಕೊಟ್ಟರು. ಮಾಂಸದಂಗಡಿಯ ಆಡಿನ ಮುಂಗಾಲಿಗೆ ಅದನ್ನು ಬೆರೆಸಿ ತುಂಬಿದೆ. ಅಮೋನಿಯದ ಹಾಲಿನಲ್ಲಿ ಕೆಂಪೋ ಕೆಂಪು! ಬೇಗ ಗಟ್ಟಿಯಾಗಲೆಂದು ಅಸಿಟಿಕ್ ಆಮ್ಲದಲ್ಲಿ ಇಟ್ಟೆ. ಆಮ್ಲ ತಗುಲಿ ಅರಿಶಿನ ಮತ್ತೆ ತನ್ನ ಬಣ್ಣಕ್ಕೆ ತಿರುಗಿತು; ಬೆಳಗಾಗುವಷ್ಟರಲ್ಲಿ ಧಮನಿಗಳೆಲ್ಲ ಹಳದಿ. "ಡಾಕ್ಟರೇ, ಆಡಿಗೆ ಕಾಮಾಲೆ" ಎಂದು ಅವರು ನಕ್ಕರು. ಕೊನೆಗೆ ಬಟ್ಟೆಗೆ ಬಳಿಯುವ ಅಕ್ರಿಲಿಕ್ ಬಣ್ಣವೇ ಗತಿಯಾಯಿತು, ಸಣ್ಣ ಡಬ್ಬಿಗೆ 60 ರೂಪಾಯಿ.

ಮೂರನೆಯ ತೋಳು ಚೆನ್ನಾಗಿಯೇ ಬಂತು. ಆದರೆ ಹೆಬ್ಬೆರಳ ಬದಿಗೆ ಇಳಿಯುವ ರೇಡಿಯಲ್ ಧಮನಿ ಮೊಣಕೈ ಮಡಿಕೆಯಲ್ಲಿ ಕವಲೊಡೆಯುವ ಬದಲು ಕಂಕುಳಿನ ಹತ್ತಿರವೇ ಕವಲೊಡೆದಿತ್ತು. ತೋಳಿನುದ್ದಕ್ಕೂ ಎರಡು ಕೆಂಪು ಕೊಳವೆ, ಒಂದಂತೂ ಚರ್ಮದಡಿಯಲ್ಲೇ ಎನ್ನುವಷ್ಟು ಮೇಲೆ. ಇಂಥ ಕೈಯಲ್ಲಿ ಮದ್ದು ಏರಿಸುವ ಅಭಿಧಮನಿ ಎಂದುಕೊಂಡು ಈ ಧಮನಿಗೇ ಸೂಜಿ ಹಾಕಿದರೆ ಏನಾದೀತೆಂದು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಮೊದಲ ವರ್ಷದ ಪಾಠಕ್ಕೆ ಮಾತ್ರ ಅದು ಒದಗಲಿಲ್ಲ.

ನಾಲ್ಕನೆಯದು ಪಾಠಕ್ಕೆ ಹೇಳಿ ಮಾಡಿಸಿದಂತಿತ್ತು. ಮುಂಭಾಗ ಬೇಗ ಮುಗಿಯಿತು: ಮೀಡಿಯನ್ ನರ ತೋಳಿನ ನಡುವಿನಲ್ಲಿ ಧಮನಿಯನ್ನು ಹೊರಬದಿಯಿಂದ ಒಳಬದಿಗೆ ದಾಟುವುದು ಕೆಂಪಿನ ಮೇಲೆ ಬಿಳಿ ದಾರ ಇಟ್ಟಂತೆ ಕಂಡಿತು. ನನಗೆ ಬೇಕಿದ್ದದ್ದು ಹಿಂಭಾಗ. ಮಣಿಕಟ್ಟನ್ನು ಎತ್ತಿ ಹಿಡಿಯುವ ರೇಡಿಯಲ್ ನರದ ಜಾಡಿನಲ್ಲಿ, ತೋಳಿನ ಹಿಂಬದಿಯ ಟ್ರೈಸೆಪ್ಸ್ ಸ್ನಾಯುವಿನ ಹೊರತಲೆಯ ಅಡಿಗೆ ಫೋರ್ಸೆಪ್ಸ್ ತೂರಿಸಿ, ಅದರ ಮೇಲೆಯೇ ಸ್ನಾಯುವನ್ನು ಓರೆಯಾಗಿ ಕತ್ತರಿಸಿ ಮಡಚಿದೆ. ತೋಳಿನ ಮೂಳೆಯಾದ ಹ್ಯೂಮರಸ್ಸಿನ ಸುರುಳಿ ತೋಡಿನಲ್ಲಿ ನರ ಮಲಗಿತ್ತು, ಪಕ್ಕಕ್ಕೆ ಅಂಟಿಕೊಂಡೇ ತೋಳಿನ ಆಳದ ಧಮನಿ, ಕೆಂಪು ಪ್ರೊಫಂಡಾ. ಮೂಳೆ ಅಲ್ಲಿ ಮುರಿದರೆ ಮಣಿಕಟ್ಟು ಏಕೆ ಜೋತುಬೀಳುತ್ತದೆ ಎಂದು ಹತ್ತು ವರ್ಷ ಹಲಗೆಯ ಮೇಲೆ ಬರೆದು ಬೇಸತ್ತಿದ್ದೆ. ಈಗ ಬೆರಳಿಟ್ಟು ತೋರಿಸುತ್ತೇನೆ.

ಅಭಿಧಮನಿಗೆ ತುಂಬುವ ನೀಲಿಯದು ಬೇರೆಯೇ ರಗಳೆ. ತೋಳಿನ ಹೊರಬದಿಯ ಸೆಫಾಲಿಕ್ ಅಭಿಧಮನಿಗೆ ಮೇಲಿನಿಂದ ಚುಚ್ಚಿ ಅರ್ಧ ದಿನ ಕಳೆದೆ; ಕೆಳಕ್ಕೆ ಹರಿಯಗೊಡದ ಕವಾಟಗಳಿರುವುದು ಮರೆತೇಹೋಗಿತ್ತು! ಅಂಗೈ ಹಿಂಬದಿಯಿಂದ ತುಂಬಿದಾಗ ಸರಾಗವಾಗಿ ಏರಿತು. ಒಳಬದಿಯ ಬೆಸಿಲಿಕ್ ಅಭಿಧಮನಿ ಮಾತ್ರ ತೋಳಿನ ಮಧ್ಯದಲ್ಲಿ, ಆಳದ ಪೊರೆ ತೂರುವ ಜಾಗದಲ್ಲಿ, ಇಂದಿಗೂ ಸ್ವಲ್ಪ ಸೋರುತ್ತದೆ.

ಒಟ್ಟು ಖರ್ಚು, ಆಡಿನ ಕಾಲೂ ಸೇರಿ, 7,000 ದಾಟಿರಲಾರದು. ಸಿದ್ಧ ಮಾದರಿಗೆ ತರಿಸಿದ್ದ ದರಪಟ್ಟಿಯಲ್ಲಿ 38,000 ಇತ್ತೆಂದು ನೆನಪು. ಮುಖ್ಯಸ್ಥರು ಈಗ ಕಾಲನ್ನೂ ಮಾಡಿ ಎನ್ನುತ್ತಿದ್ದಾರೆ. ಅದಕ್ಕೆ ಹಾಲು ಮೂರು ಪಟ್ಟಾದರೂ ಬೇಕು ಎಂದೆ. ಹಣದ ಮಾತು ಬಂದಾಗ ಮಾತ್ರ ಅವರಿಗೆ ಎಲ್ಲಿಂದಲೋ ಫೋನ್ ಬರುತ್ತದೆ.