ಗವಾಕ್ಷಿ ಕೊರೆದ ಮೇಲೆ ಬೆಚ್ಚಗಾದ ಗ್ಯಾರೇಜು

ಕಳೆದ ಶನಿವಾರ ಬೆಳಿಗ್ಗೆ ಹೊರಗೆ 11 ಡಿಗ್ರಿ ಫ್ಯಾರನ್‌ಹೀಟ್ ಇತ್ತು. ಸೆಲ್ಸಿಯಸ್ ಲೆಕ್ಕದಲ್ಲಿ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಗ್ಯಾರೇಜಿನೊಳಗೆ 61 ಫ್ಯಾರನ್‌ಹೀಟ್. ಲೇತಿನ ಮೇಲೆ ಮೇಪಲ್ ಮರದ ಬುಗುರಿ ತಿರುಗುತ್ತಿತ್ತು. ಅರಗಿನ ಕಡ್ಡಿ ಒತ್ತಿದೊಡನೆ ಕೆಂಪು ಬಣ್ಣ ಎಲ್ಲೂ ಕಡಿಯದೆ ಹರಡಿಕೊಂಡಿತು. ಒಣ ತಾಳೆಗರಿ ಹಿಡಿದಾಗ ಹೊಳಪು ಬಂತು. ಅಮೆರಿಕದ ಡೆಟ್ರಾಯಿಟ್ ಸುತ್ತಮುತ್ತಲ ಚಳಿಯಲ್ಲಿ, ಅದೂ ಜನವರಿಯಲ್ಲಿ, ಚನ್ನಪಟ್ಟಣದ ಕೆಲಸ ಆಗದ ಮಾತು ಎಂದಿದ್ದ ಗೆಳೆಯರಲ್ಲಿ ಇಬ್ಬರು ಪಕ್ಕದಲ್ಲೇ ನಿಂತು ನೋಡಿದರು. ಹೊಗೆಕೊಳವೆಯೇ ಇಲ್ಲದ ಗ್ಯಾಸ್ ಹೀಟರ್ ಹಾಕಿಕೊಂಡೂ ತಲೆನೋವಿಲ್ಲ, ಉಳಿಗಳಿಗೆ ತುಕ್ಕಿಲ್ಲ, ಇದು ಹೇಗೆ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಮೂರು ಚಳಿಗಾಲ ಹಿಡಿದಿದೆ. ಅಂಕಿಗಳು ನೆನಪಿನವು, ಅಲ್ಪಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ನನ್ನ ಗ್ಯಾರೇಜಿನಲ್ಲಿ ಕಾರು ನಿಲ್ಲುವುದಿಲ್ಲ. ಹುಲ್ಲು ಕತ್ತರಿಸುವ ಯಂತ್ರವನ್ನೂ ಪೆಟ್ರೋಲ್ ಡಬ್ಬಿಯನ್ನೂ ಹಿತ್ತಲಿನ ಶೆಡ್ಡಿಗೆ ಸಾಗಿಸಿದ ಮೇಲೆಯೇ ಗ್ಯಾಸ್ ಪೈಪಿಗೆ ಕೈ ಹಾಕಿದೆ. ಕಾರು ಮಲಗುವ ಗ್ಯಾರೇಜಿಗೆ ನನ್ನ ವಿಧಾನ ಬೇಡವೇ ಬೇಡ. ಅಲ್ಲಿಗೆ ಹೊರಗಿನ ಗಾಳಿ ಎಳೆದು ಹೊಗೆಯನ್ನು ಹೊರಗೇ ಬಿಡುವ ಮುಚ್ಚಿದ ಹೀಟರ್ ಹಾಕಿಸಿ. ನನಗೆ ಅದಕ್ಕೆ 2,400 ಡಾಲರ್ ಹೇಳಿದ್ದರು, ನನ್ನ ಕೈಯಲ್ಲಿ ಅಷ್ಟು ಇರಲಿಲ್ಲ. ಕ್ಯಾಲಿಫೋರ್ನಿಯಾದವರು ಮತ್ತು ಕೆನಡಾದವರು ಮನೆಗೆ ನನ್ನಂತೆ ಹೊಗೆಕೊಳವೆ ಇಲ್ಲದ ಹೀಟರ್ ಹಾಕುವಂತೆಯೇ ಇಲ್ಲ. ಉಳಿದವರು ಮೊದಲು ನಿಮ್ಮ ಊರಿನ ಕಟ್ಟಡ ಕಚೇರಿಯನ್ನು ಕೇಳಿ, ಹೀಟರಿನ ಜೊತೆ ಬರುವ ಪುಸ್ತಕದಲ್ಲಿ ಗ್ಯಾರೇಜಿನಲ್ಲಿ ಹಾಕಬಹುದು ಎಂಬ ಮಾತು ಇದೆಯೇ ನೋಡಿ. ಇಲ್ಲದಿದ್ದರೆ ಆ ಹೀಟರ್ ಕೊಳ್ಳಬೇಡಿ.

ಮೊದಲ ಚಳಿಗಾಲದಲ್ಲಿ ಮಾಡಿದ್ದೆಲ್ಲ ತಲೆಕೆಳಗು. 1,500 ವಾಟಿನ ವಿದ್ಯುತ್ ಹೀಟರ್ ಕಾಲ ಬೆರಳನ್ನಷ್ಟೇ ಬೆಚ್ಚಗಿಟ್ಟಿತು. ಸೀಮೆಎಣ್ಣೆಯದು ಎರಡು ದಿನ ಉರಿದು ಮನೆಯವರ ಬಟ್ಟೆಗೆಲ್ಲ ವಾಸನೆ ಹತ್ತಿಸಿತು. ಆಮೇಲೆ ಸುಮಾರು 240 ಡಾಲರ್ ಕೊಟ್ಟು 30,000 ಬಿ.ಟಿ.ಯು.ನ ಗ್ಯಾಸ್ ಹೀಟರ್ ತಂದೆ. ಬಿ.ಟಿ.ಯು. ಎಂದರೆ ಶಾಖದ ಅಳತೆ, ಹೀಟರ್ ಗಂಟೆಗೆ ಎಷ್ಟು ಶಾಖ ಕೊಡುತ್ತದೆ ಎಂಬುದನ್ನು ಹೇಳುತ್ತದೆ. ಗ್ಯಾರೇಜು 24 ಅಡಿ ಉದ್ದ, 22 ಅಡಿ ಅಗಲ, 9 ಅಡಿ ಎತ್ತರ, ಅಂದರೆ 4,750 ಘನ ಅಡಿ. ಹೀಟರಿನ ಪ್ರತಿ ಸಾವಿರ ಬಿ.ಟಿ.ಯು.ಗೆ ಕೋಣೆಯಲ್ಲಿ ಕನಿಷ್ಠ 50 ಘನ ಅಡಿ ಜಾಗ ಇರಬೇಕು ಎಂಬುದು ಲೆಕ್ಕ. ಆ ಪ್ರಕಾರ ನನಗೆ 1,500 ಘನ ಅಡಿ ಸಾಕಿತ್ತು, ಮೂರು ಪಟ್ಟು ಇದೆ ಎಂದು ಧೈರ್ಯದಿಂದಿದ್ದೆ. ಗೋಡೆಯೊಳಗೆ ಶಾಖ ತಡೆಯುವ ಉಣ್ಣೆ ತುಂಬಲು ಹಣವಿರಲಿಲ್ಲ. ಬದಲಿಗೆ ಪ್ಲಾಸ್ಟಿಕ್ ಹಾಳೆ, ಫೋಮ್, ಟೇಪು ತಂದು ಒಂದು ಸೀಳೂ ಬಿಡದೆ ಮುಚ್ಚಿದೆ. ಆ 50 ಘನ ಅಡಿಯ ಲೆಕ್ಕ ಸಂದುಗಳಲ್ಲಿ ಗಾಳಿ ಆಡುವ ಸಾಮಾನ್ಯ ಕೋಣೆಗೆ. ಅಂಥ ಕೋಣೆಯನ್ನು ನಾನೇ ಡಬ್ಬಿ ಮಾಡಿಟ್ಟಿದ್ದೆ.

ಎರಡು ಗಂಟೆ ಚೆನ್ನಾಗಿ ಉರಿಯುತ್ತಿತ್ತು. ಮೂರನೆಯ ಗಂಟೆಯಲ್ಲಿ ತಾನಾಗಿಯೇ ಆರಿಹೋಗುತ್ತಿತ್ತು. ಮತ್ತೆ ಹೊತ್ತಿಸಿದರೆ ಹತ್ತು ನಿಮಿಷದಲ್ಲಿ ಮತ್ತೆ ಆರುತ್ತಿತ್ತು. ಒಬ್ಬರು ಸೆನ್ಸರ್ ಕೆಟ್ಟಿದೆ ಎಂದರು, ಇನ್ನೊಬ್ಬರು ಅದನ್ನು ತಪ್ಪಿಸಿ ತಂತಿ ಜೋಡಿಸುವ ಉಪಾಯ ಹೇಳಿಕೊಡಲು ಬಂದರು. ಆ ಉಪಾಯಕ್ಕೆ ನಾನು ಒಪ್ಪಲಿಲ್ಲ. ಆ ದಿನ ಒಪ್ಪದೇ ಇದ್ದದ್ದು ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ. ಹೀಟರಿನ ಬೆಂಕಿ ಹೊತ್ತಿಸಲೆಂದು ಸದಾ ಉರಿಯುವ ಪುಟ್ಟ ಪೈಲಟ್ ಜ್ವಾಲೆಯೇ ಆ ಸೆನ್ಸರಿನ ಭಾಗ. ಅದನ್ನು ಮಾಡಿರುವುದೇ ಗಾಳಿಯಲ್ಲಿನ ಆಮ್ಲಜನಕ 20.9ರಿಂದ ಶೇಕಡ 18ರ ಹತ್ತಿರಕ್ಕೆ ಇಳಿದಾಗ ಗ್ಯಾಸ್ ನಿಲ್ಲಿಸಲು. ನೂರು ಡಾಲರಿನ ಕಾರ್ಬನ್ ಡೈಆಕ್ಸೈಡ್ ಮೀಟರ್ ತಂದು ಇಟ್ಟೆ. ಎರಡು ಗಂಟೆಯೊಳಗೆ ಅದು ತನ್ನ ಕೊನೆಯ ಅಂಕಿ 9,999 ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ) ಹೋಗಿ ನಿಂತಿತು. ಕಾರ್ಖಾನೆಯ ಕೆಲಸಗಾರನಿಗೆ ಎಂಟು ಗಂಟೆಗೆ ಇಲ್ಲಿ ಹಾಕಿರುವ ಮಿತಿ 5,000. ಪ್ರತಿ ರಾತ್ರಿ ಬರುತ್ತಿದ್ದ ತಲೆನೋವು ಚಳಿಯದು ಎಂದುಕೊಂಡಿದ್ದೆ. ಸೆನ್ಸರ್ ಸರಿಯಾಗಿಯೇ ಇತ್ತು, ಗಾಳಿಯೇ ಕೆಟ್ಟಿತ್ತು.

ಆ ಫೆಬ್ರವರಿಯಲ್ಲಿ ಅಮ್ಮ ಊರಿನಿಂದ ಬಂದಿದ್ದರು. ಗ್ಯಾರೇಜು ಬೆಚ್ಚಗಿದೆಯಲ್ಲ ಎಂದು ಅಕ್ಕಿ ಸಂಡಿಗೆ ಇಟ್ಟು ಪ್ಲಾಸ್ಟಿಕ್ ಹಾಳೆಯ ಮೇಲೆ ಹರವಿದರು. ಎರಡು ದಿನವಾದರೂ ಒಣಗಲಿಲ್ಲ. ಮೂರನೆಯ ದಿನ ಬೂಷ್ಟು ಹಿಡಿಯಿತು. ಅದೇ ವಾರ ಲೇತಿನ ಕಬ್ಬಿಣದ ಹಾಸಿನ ಮೇಲೆ ಕಿತ್ತಳೆ ಬಣ್ಣದ ತುಕ್ಕಿನ ಪೊರೆ ಕಂಡಿತು, ಕಿಟಕಿಯ ಗಾಜಿನಿಂದ ನೀರು ಇಳಿದು ಹಲಗೆ ಉಬ್ಬಿತು. ಗ್ಯಾಸ್ ಉರಿದರೆ ನೀರು ಹುಟ್ಟುತ್ತದೆ ಎಂದು ಶಾಲೆಯಲ್ಲಿ ಓದಿದ್ದು ಸರಿ, ಎಷ್ಟು ಎಂದು ಲೆಕ್ಕ ಹಾಕಿರಲಿಲ್ಲ. 30,000 ಬಿ.ಟಿ.ಯು. ಒಂದು ಗಂಟೆ ಉರಿದರೆ ಒಂದು ಲೀಟರಿಗಿಂತ ಹೆಚ್ಚು ನೀರು ಹಬೆಯಾಗಿ ಕೋಣೆಗೆ ಸೇರುತ್ತದೆ. ನಾಲ್ಕು ಗಂಟೆಯ ಕೆಲಸಕ್ಕೆ ಅರ್ಧ ಬಿಂದಿಗೆಯಷ್ಟು ನೀರನ್ನು ನನ್ನ ಉಪಕರಣಗಳ ಮೇಲೆ ನಾನೇ ಚಿಮುಕಿಸುತ್ತಿದ್ದೆ. ಅಮ್ಮ ಸಂಡಿಗೆ ಹಾಳೆ ಮಡಚುತ್ತಾ ಮೇಲೆ ಕೆಳಗೆ ನೋಡಿ, “ಒಲೆ ಹೂಡಿದ್ದೀಯ, ಗವಾಕ್ಷಿ ಎಲ್ಲಪ್ಪಾ?” ಎಂದರು. ನಮ್ಮ ಹಳೆಯ ಮನೆಯ ಅಡುಗೆಕೋಣೆಯಲ್ಲಿ ಒಲೆಯ ನೇರಕ್ಕೆ ಸೂರಿನಲ್ಲಿ ಗವಾಕ್ಷಿ ಇತ್ತು, ಬಚ್ಚಲುಮನೆಯ ಹಂಡೆ ಒಲೆಯ ಹಿಂದೆ ನೆಲದ ಮಟ್ಟಕ್ಕೇ ಒಂದು ಕಂಡಿ ಇತ್ತು. ಬೆಂಗಳೂರಿನಲ್ಲಿ ಮುಚ್ಚಿದ ಸ್ನಾನದ ಕೋಣೆಯೊಳಗೆ ಗ್ಯಾಸ್ ಗೀಸರ್ ಉರಿಸಿ ಜನ ಸತ್ತ ಸುದ್ದಿ ಓದಿದಾಗಲೆಲ್ಲ ಮರುಗಿದ್ದೆ. ಅದೇ ತಪ್ಪನ್ನು ಇಲ್ಲಿ ಟೇಪು ಹಚ್ಚಿ ನಾನೇ ಮಾಡಿದ್ದೆ.

ಎರಡನೆಯ ಬೇಸಿಗೆಯಲ್ಲಿ ಹಣ ಕೂಡಿತು. ಗೋಡೆಗೆ ಆರ್-13, ಸೂರಿಗೆ ಆರ್-30 ಉಣ್ಣೆ (ಆರ್ ಅಂಕಿ ಹೆಚ್ಚಿದಷ್ಟೂ ಶಾಖದ ತಡೆ ಹೆಚ್ಚು), ದೊಡ್ಡ ಬಾಗಿಲಿಗೆ ಫೋಮ್ ಹಲಗೆ, ಎಲ್ಲ ಸೇರಿ 900 ಡಾಲರ್ ಆಯಿತು. ದೊಡ್ಡ ಹೀಟರನ್ನು ಅರ್ಧ ಬೆಲೆಗೆ ಕಳೆದು, 10,000ದಿಂದ 20,000ದವರೆಗೆ ಏರಿಳಿಯುವ ಥರ್ಮೋಸ್ಟಾಟ್ ಇರುವ ಚಿಕ್ಕದನ್ನು 210ಕ್ಕೆ ತಂದೆ. ಆಮೇಲೆ ಗೋಡೆಗೆ ಎರಡು ತೂತು ಕೊರೆದೆ: ಒಂದು ನೆಲದಿಂದ ಒಂದು ಅಡಿಯೊಳಗೆ, ಇನ್ನೊಂದು ಎದುರು ಗೋಡೆಯಲ್ಲಿ ಸೂರಿನಿಂದ ಒಂದು ಅಡಿಯೊಳಗೆ. ಗೆಳೆಯರು ನಕ್ಕಿದ್ದು ಇದಕ್ಕೇ. ಒಂಬೈನೂರು ಡಾಲರಿನ ಉಣ್ಣೆ ತುಂಬಿಸಿ ಗೋಡೆಗೆ ತೂತು ಕೊರೆಯುವವರುಂಟೇ, ಗ್ಯಾಸ್ ಕಂಪನಿಗೆ ಆಸ್ತಿ ಬರೆದುಕೊಡುತ್ತೀಯಾ ಎಂದರು.

ನಿಯಮದ ಪ್ರಕಾರ ನೇರ ಹೊರಗೆ ತೆರೆಯುವ ತೂತಿಗೆ 4,000 ಬಿ.ಟಿ.ಯು.ಗೆ ಒಂದು ಚದರ ಇಂಚು. ನನಗೆ ಐದು ಸಾಕು. ನಾಲ್ಕು ಇಂಚಿನ ಕೊಳವೆಯೇ ಹನ್ನೆರಡೂವರೆ ಕೊಡುತ್ತದೆ. ಅದನ್ನೇ ಹಾಕಿದೆ. ಹೀಟರ್ ಆರುವುದು ನಿಂತಿತು, ಆದರೂ ಮೂರು ಗಂಟೆ ಕಳೆದರೆ ಮೀಟರ್ 5,000 ದಾಟುತ್ತಿತ್ತು. ನಿಯಮದ ಅಳತೆ ಬೆಂಕಿಯ ಉಸಿರಿಗೆ, ಒಳಗೆ ನಿಂತು ಕೆಲಸ ಮಾಡುವವನ ಉಸಿರಿಗಲ್ಲ ಎಂದು ಆಗ ತಿಳಿಯಿತು. ಎರಡನ್ನೂ ಆರು ಇಂಚಿಗೆ ಹಿಗ್ಗಿಸಿದೆ. ಈಗ ನಾಲ್ಕು ಗಂಟೆಯ ಕೆಲಸದ ಕೊನೆಗೆ 3,000 ದಾಟಿ 3,500ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಆ ತೂತುಗಳಿಂದ ಹೋಗುವ ಶಾಖ ನನ್ನ ಲೆಕ್ಕದಲ್ಲಿ ಗಂಟೆಗೆ 1,500 ಬಿ.ಟಿ.ಯು. ಒಳಗೇ, ದುಡ್ಡಿನಲ್ಲಿ ಒಂದೂವರೆ ಸೆಂಟು. ನಕ್ಕವರ ಮುಂದೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ್ದೇನೆ.

ಕೆಳಗಿನ ತೂತಿನ ಜಾಗದಲ್ಲಿ ಒಮ್ಮೆ ಎಡವಿದೆ. ಪಶ್ಚಿಮದ ಗೋಡೆಯಲ್ಲಿ ಹೀಟರಿನ ಹತ್ತಿರವೇ ಕೊರೆದಿದ್ದೆ. ಇಲ್ಲಿ ಚಳಿಗಾಲದ ಗಾಳಿ ಹೆಚ್ಚಾಗಿ ಬೀಸುವುದೇ ಪಶ್ಚಿಮದಿಂದ. ಒಂದು ರಭಸಕ್ಕೆ ಪೈಲಟ್ ಆರುತ್ತಿತ್ತು. ಅದನ್ನು ಮುಚ್ಚಿ ಪೂರ್ವಕ್ಕೆ ಕೊರೆದು, ಹೊರಗೆ ಬಾಗಿದ ಟೋಪಿ, ಇಲಿ ನುಗ್ಗದಂತೆ ಜಾಲರಿ ಹಾಕಿದೆ. ಜಾಲರಿ, ಪಟ್ಟಿ ಎಲ್ಲವೂ ತೆರವನ್ನು ತಿನ್ನುತ್ತವೆ, ಅಳೆಯುವಾಗ ಕಳೆಯಿರಿ.

ಪೈಪಿನ ಕೆಲಸವನ್ನು ವಿವರಿಸುವುದಿಲ್ಲ. ಪೈಪಿನ ತುದಿಗೆ ಹಲ್ಲು ಹಾಕುವುದು, ಜೋಡಣೆಗೆ ಪೇಸ್ಟು ಹಚ್ಚುವುದು, ಸೋಪಿನ ನೀರಿನಿಂದ ಸೋರಿಕೆ ನೋಡುವುದು ಆ ಕೆಲಸ ಬಲ್ಲವರಿಗೆ ಗೊತ್ತಿರುವುದೇ. ನಮ್ಮ ಊರಿನಲ್ಲಿ ಮನೆಯ ಒಡೆಯನೇ ಪರವಾನಗಿ ತೆಗೆಯಬಹುದು, 90 ಡಾಲರ್ ಆಯಿತು. ಮೊದಲ ತಪಾಸಣೆಯಲ್ಲಿ ನಾನು ಉತ್ತೀರ್ಣನಾಗಲಿಲ್ಲ. ಹೀಟರಿನ ಮುಂದೆ ಪೈಪಿನೊಳಗಿನ ಕಸ ಇಳಿದು ನಿಲ್ಲುವ ಮೂರು ಇಂಚಿನ ಪೈಪಿನ ತುಂಡು ಹಾಕಿರಲಿಲ್ಲ, ಬಳುಕುವ ಕೊಳವೆಯನ್ನು ಗೋಡೆಯೊಳಗಿಂದ ತೂರಿಸಿದ್ದೆ. ಎರಡೂ ನನ್ನ ತಪ್ಪೇ. ತಪಾಸಣೆಗೆ ಬಂದವರು ತಾಳ್ಮೆಯಿಂದ ತೋರಿಸಿಕೊಟ್ಟರು. ಅದಕ್ಕಿಂತ ಕಾಡಿದ್ದು ಗ್ಯಾಸಿನ ಒತ್ತಡ. ಬಟ್ಟೆ ಒಣಗಿಸುವ ಯಂತ್ರಕ್ಕೆ ಹೋಗುವ ಸಾಲಿನ ತುದಿಯಿಂದ ಗ್ಯಾಸ್ ತೆಗೆದಿದ್ದೆ. ಮನೆಯನ್ನೆಲ್ಲ ಬಿಸಿಮಾಡುವ ಫರ್ನೇಸು ಹೊತ್ತಿಕೊಂಡಾಗಲೆಲ್ಲ ಹೀಟರಿನ ಜ್ವಾಲೆ ಕುಗ್ಗುತ್ತಿತ್ತು. ಒತ್ತಡ ಅಳೆಯುವ ಮಾನೋಮೀಟರ್ ಇಟ್ಟರೆ ನೀರಿನ ಎತ್ತರದ ಲೆಕ್ಕದಲ್ಲಿ ಏಳು ಇಂಚು ಇರಬೇಕಾದದ್ದು ಐದಕ್ಕಿಂತ ಕೆಳಗೆ ಬಂದಿತ್ತು. ಮೀಟರಿನ ಬಳಿಯ ಮುಖ್ಯ ಸಾಲಿನಿಂದಲೇ ಅರ್ಧ ಇಂಚಿನ ಕಪ್ಪು ಕಬ್ಬಿಣದ ಪೈಪನ್ನು ಸುಮಾರು 40 ಅಡಿ ಹೊಸದಾಗಿ ಎಳೆದೆ. ಹೀಟರ್ ಜೋಡಿಸುವ ಮೊದಲು ಪೈಪಿಗೆ 15 ಪೌಂಡು ಗಾಳಿ ತುಂಬಿ ಅರ್ಧ ಗಂಟೆ ಬಿಟ್ಟೆ, ಮುಳ್ಳು ಅಲುಗಲಿಲ್ಲ. ಕೊನೆಯ ಜೋಡಣೆಯನ್ನು ಪರವಾನಗಿ ಇರುವವರಿಂದಲೇ ಮಾಡಿಸಿದೆ, 180 ಡಾಲರ್. ನನಗೆ ಬರುತ್ತಿತ್ತು, ಆದರೂ ಎರಡನೆಯ ಕಣ್ಣು ಬೇಕೆನಿಸಿತು. ಹೀಟರನ್ನು ನೆಲದಿಂದ ಎರಡು ಅಡಿ ಎತ್ತರಕ್ಕೆ ಗೋಡೆಗೆ ಬಿಗಿದಿದ್ದೇನೆ. ನಿಯಮ 18 ಇಂಚು ಎನ್ನುತ್ತದೆ, ಪೆಟ್ರೋಲಿನ ಆವಿ ನೆಲದ ಮೇಲೆ ಹರಿಯುವುದರಿಂದ. ನನ್ನಲ್ಲಿ ಪೆಟ್ರೋಲ್ ಇಲ್ಲ, ಆದರೆ ನಾಳೆ ಈ ಮನೆ ಕೊಳ್ಳುವವರು ಕಾರು ತಂದು ನಿಲ್ಲಿಸಬಹುದಲ್ಲ.

ಗ್ಯಾಸ್ ಸರಿಯಾಗಿ ಉರಿಯದಾಗ ಹುಟ್ಟುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡಿನ ಅಲಾರಂ ಬಗ್ಗೆ ಎಲ್ಲರೂ ನಿಶ್ಚಿಂತರಾಗಿರುವುದು ನನಗೆ ಭಯ ತರುತ್ತದೆ. ಅಂಗಡಿಯ ಸಾಮಾನ್ಯ ಅಲಾರಂ 70 ಪಿಪಿಎಂ ಒಂದು ಗಂಟೆಯಾದರೂ ಇದ್ದ ಮೇಲೆಯೇ ಕೂಗುವುದು. ನಾಲ್ಕು ಗಂಟೆಯವರೆಗೆ ಸುಮ್ಮನಿರಲೂ ಅದಕ್ಕೆ ಅವಕಾಶವಿದೆ. ಅದೂ ಅಲ್ಲದೆ ಅವುಗಳಲ್ಲಿ ಹೆಚ್ಚಿನವು 40 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿನ ಚಳಿಗೆ ಮಾಡಿದವಲ್ಲ. ರಾತ್ರಿಯಿಡೀ ಗ್ಯಾರೇಜಿನಲ್ಲಿ ಹೆಪ್ಪುಗಟ್ಟಿದ ಅಲಾರಮಿನ ಮಾತನ್ನು ನಾನು ನಂಬುವುದಿಲ್ಲ. 180 ಡಾಲರ್ ಕೊಟ್ಟು ಒಂದೊಂದೇ ಪಿಪಿಎಂ ತೋರಿಸುವ ಮಾನಿಟರ್ ತಂದು ಮನೆಯೊಳಗೆ ಇಟ್ಟಿದ್ದೇನೆ, ಕೆಲಸಕ್ಕೆ ಹೋಗುವಾಗ ಕೈಯಲ್ಲಿ ಹಿಡಿದು ಹೋಗುತ್ತೇನೆ. ಗ್ಯಾರೇಜಿಗೆ ಅಂಟಿದ ಕೋಣೆಯಲ್ಲಿ ಇನ್ನೊಂದು ಅಲಾರಂ ಇದೆ. ಸಾಮಾನ್ಯವಾಗಿ ಮಾನಿಟರ್ ಸೊನ್ನೆಯಿಂದ ನಾಲ್ಕರೊಳಗೆ ತೋರಿಸುತ್ತದೆ. ಒಂಬತ್ತು ಕಂಡರೆ ಹೀಟರ್ ಆರಿಸಿ ದೊಡ್ಡ ಬಾಗಿಲು ಎತ್ತುತ್ತೇನೆ, ಕಾರಣ ಆಮೇಲೆ ಹುಡುಕುತ್ತೇನೆ.

ಒಮ್ಮೆ ಹದಿನಾಲ್ಕು ತೋರಿಸಿತು, ಕಳೆದ ಡಿಸೆಂಬರಿನಲ್ಲಿ. ನೀಲಿ ಜ್ವಾಲೆಯ ತುದಿ ಹಳದಿಯಾಗಿತ್ತು. ಮರದ ಹುಡಿ ಪೈಲಟಿನ ಗಾಳಿಕಂಡಿಯಲ್ಲಿ ಹತ್ತಿಯಂತೆ ಕಟ್ಟಿಕೊಂಡಿತ್ತು. ಅಂದಿನಿಂದ ಕೆಲಸದ ಕ್ರಮವನ್ನೇ ಬದಲಿಸಿದೆ. ಮೊದಲ ಮುಕ್ಕಾಲು ಗಂಟೆ ಹೀಟರ್ ಪೂರ್ತಿ, ಆಮೇಲೆ ಕಡಿಮೆ ಉರಿಯಲ್ಲಿ ಅರಗಿನ ಕೆಲಸ. ಕಡೆಯುವುದು, ಮರಳುಕಾಗದ ಉಜ್ಜುವುದು ಇದ್ದರೆ ಪೈಲಟ್ ಸಮೇತ ಗ್ಯಾಸ್ ಬಂದ್. ಕೋಣೆಯಲ್ಲಿ ಕೂಡಿಟ್ಟ ಶಾಖ ಒಂದು ಗಂಟೆ ನಿಲ್ಲುತ್ತದೆ. ಹುಡಿ ಎಳೆಯುವ ಯಂತ್ರ ಓಡಿಸಿ, ಗಾಳಿ ತಿಳಿಯಾದ ಮೇಲೆಯೇ ಮತ್ತೆ ಹೊತ್ತಿಸುವುದು. ಎರಡು ವಾರಕ್ಕೊಮ್ಮೆ, ಹೀಟರ್ ಆರಿ ತಣ್ಣಗಾದ ಮೇಲೆ, ಡಬ್ಬಿಯ ಗಾಳಿಯಿಂದ ಪೈಲಟ್ ಊದುತ್ತೇನೆ. ಚನ್ನಪಟ್ಟಣದ ಬಣ್ಣಕ್ಕೆ ಸ್ಪಿರಿಟ್ಟೂ ಥಿನ್ನರೂ ಬೇಡ, ಮರದ ತಿಕ್ಕಾಟದ ಬಿಸಿಗೇ ಅರಗು ಕರಗುತ್ತದೆ. ಅದರಿಂದಲೇ ಜ್ವಾಲೆ ಇರುವ ಕೋಣೆಯಲ್ಲಿ ಈ ಕೆಲಸ ನಡೆಯುತ್ತದೆ. ವಾರ್ನಿಷ್, ಸ್ಪ್ರೇ ಬಣ್ಣದವರು ನನ್ನನ್ನು ಅನುಸರಿಸಬೇಡಿ.

ಸೂರಿನ ಫ್ಯಾನಿನ ಪ್ರಯೋಗವೂ ನಡೆಯಿತು. ಫ್ಯಾನಿಲ್ಲದಾಗ ಸೂರಿನ ಬಳಿ 84, ಪಾದದ ಬಳಿ 50. ಫ್ಯಾನನ್ನು ಹಿಮ್ಮುಖವಾಗಿ ಮೆಲ್ಲಗೆ ತಿರುಗಿಸಿದರೆ 68, 59. ಬಳಸಿದ ಫ್ಯಾನ್, 25 ಡಾಲರ್. ಇಡೀ ಯೋಜನೆಯಲ್ಲಿ ಇಷ್ಟು ಫಲ ಕೊಟ್ಟ ಹಣ ಬೇರೆಯಿಲ್ಲ. ಹೀಟರಿನ ಮೇಲ್ಗಡೆಯ ಹಲಗೆಯಲ್ಲಿ ಹಸಿ ಮೇಪಲ್ ತುಂಡುಗಳನ್ನು ಒಣಗಿಸಲು ಇಟ್ಟದ್ದು ಮಾತ್ರ ಕೈಕೊಟ್ಟಿತು, ಹನ್ನೆರಡರಲ್ಲಿ ಒಂಬತ್ತು ಸೀಳಿದವು. ಚನ್ನಪಟ್ಟಣದವರು ಬಳಸುವ ಆಲೆ ಮರದ ಗುಣ ಇದಕ್ಕಿಲ್ಲ. ತುಕ್ಕು ಹಿಡಿಯದಂತೆ ಲೇತಿಗೆ ಹಚ್ಚುವ ಮೇಣದಲ್ಲಿ ಏನು ಬೆರೆಸುತ್ತೇನೆ, ಚಳಿಯ ದಿನ ಅರಗಿನ ಕಡ್ಡಿಯನ್ನು ಹೇಗೆ ಹದಕ್ಕೆ ತರುತ್ತೇನೆ ಎಂಬ ಎರಡು ಸಂಗತಿಗಳನ್ನು ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಸುರಕ್ಷತೆಗೆ ಅವುಗಳ ಸಂಬಂಧವಿಲ್ಲ.

ಕಳೆದುಕೊಂಡದ್ದನ್ನೂ ಸೇರಿಸಿ ಒಟ್ಟು 2,000 ಡಾಲರ್ ಹತ್ತಿರ ಆಗಿದೆ. ಮೊದಲೇ ಸರಿಯಾಗಿ ಮಾಡಿದ್ದರೆ 1,700ರಲ್ಲಿ ಮುಗಿಯುತ್ತಿತ್ತು. ಉರಿಸುವ ಖರ್ಚು ಗಂಟೆಗೆ ಹತ್ತು ಹನ್ನೆರಡು ಸೆಂಟು. ಇಷ್ಟೇ ಬಿಸಿ ವಿದ್ಯುತ್ತಿನಿಂದ ಬೇಕೆಂದರೆ ಐವತ್ತು ಸೆಂಟು ದಾಟುತ್ತದೆ. ಈ ಚಳಿಗಾಲದಲ್ಲಿ ಇದುವರೆಗೆ 140 ಬುಗುರಿ, ನಾಲ್ಕು ಚೌಕಾಬಾರ ಕಾಯಿಗಳ ಸೆಟ್ಟು ಮುಗಿದಿವೆ. ಅಮ್ಮ ಮುಂದಿನ ಚಳಿಗಾಲಕ್ಕೆ ಬರುತ್ತಾರೆ, ಸಂಡಿಗೆ ಮತ್ತೆ ಹರವಿ ನೋಡಬೇಕು ಎಂದಿದ್ದಾರೆ. ಅಷ್ಟರೊಳಗೆ ಮೇಲಿನ ಗವಾಕ್ಷಿಯ ಜಾಲರಿ ಬದಲಿಸಬೇಕು. ಹುಡಿ ಕಟ್ಟಿ ಕಾಲುಭಾಗ ಮುಚ್ಚಿಕೊಂಡಿದೆ.